ನನ್ನ ಲೋಟದ ಮೊದಲ ಗುಟುಕು

ನನ್ನ ಹೆಂಡತಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಇದನ್ನು ನಾನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಅದೇ ಕಾರಣ ಎಂದರೆ ಯಾರೂ ನನ್ನನ್ನು ಮೆಚ್ಚಲಾರರು. ಮೆಚ್ಚಲಿ ಎಂದು ಬರೆಯುತ್ತಲೂ ಇಲ್ಲ.

ಅವಳು ಹುಟ್ಟಿ ಬೆಳೆದದ್ದು ಮರಾಠಿ ಸೀಮೆಯಲ್ಲಿ, ಠಾಣೆ ಜಿಲ್ಲೆಯ ಶಹಾಡ್‌ನಲ್ಲಿ. ಅವಳ ಅಪ್ಪ ವಿಜಯಪುರದ ಕಡೆಯಿಂದ ಕಾರ್ಖಾನೆಯ ಕೆಲಸಕ್ಕೆ ಬಂದವರು. ಮನೆಯಲ್ಲಿ ಆ ಕಡೆಯ ಕನ್ನಡ, ಶಾಲೆಯಲ್ಲಿ ಮರಾಠಿ. ನಾನು ಮೈಸೂರಿನವನು, ಇನ್ಶೂರೆನ್ಸ್ ಕಂಪನಿಯ ಗುಮಾಸ್ತನಾಗಿ ಠಾಣೆಗೆ ಬಂದು ಇಲ್ಲೇ ಉಳಿದೆ. ಮದುವೆಯಾದ ಮೇಲೆ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ವಸತಿ ಭಾಗದಲ್ಲಿ ಮನೆ ಮಾಡಿದೆವು. ಗಾಳಿ ತಿರುಗಿದ ದಿನ ಕೆಮಿಕಲ್ ವಾಸನೆಗೆ ಕಿಟಕಿ ಹಾಕಿಕೊಳ್ಳುತ್ತೇವೆ, ಉಳಿದ ದಿನ ತೆಗೆದಿಡುತ್ತೇವೆ.

ಮದುವೆಯಾದ ಹೊಸದರಲ್ಲಿ ನಾನು ಅವಳಿಗೆ ಕಲಿಸಿದ ಮೊದಲ ಪಾಠ ಎಂಜಲಿನದು. ಅವಳು ಸಾರನ್ನು ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿ ಉಪ್ಪು ನೋಡುತ್ತಿದ್ದಳು. ಸೌತೆಕಾಯಿ ಹೆಚ್ಚುವ ಮೊದಲು ಎರಡೂ ತುದಿ ಕತ್ತರಿಸಿ, ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಸೋರೆಕಾಯಿಗೂ ಹಾಗೆಯೇ. ದೇವರಿಗಿಡುವ ಮೊದಲು ಅಡಿಗೆಯ ರುಚಿ ನೋಡುವುದೆಂದರೆ ನಮ್ಮಮ್ಮನ ಮನೆಯಲ್ಲಿ ಮಹಾಪರಾಧ. ನಾನೇನೂ ದೊಡ್ಡ ದೈವಭಕ್ತನಲ್ಲ. ಆದರೂ ಅಧಿಕಾರ ತೋರಿಸಲು ಒಂದು ಜಾಗ ಬೇಕಿತ್ತು, ಸಿಕ್ಕಿತು.

"ಎಲ್ಲಾ ಎಂಜಲು ಮಾಡ್ತೀಯಲ್ಲೇ. ಬಾಯಿಗಿಟ್ಟ ಕೈಯಲ್ಲೇ ಹೆಚ್ತೀಯಾ?" ಎಂದೆ.

"ನಮ್ಮವ್ವ ಹಿಂಗ ಮಾಡತಿದ್ಲರಿ. ಕಹಿ ಇದ್ರ ಮೊದಲ ಮಾಡಾಕಿ ಬಾಯಿಗೇ ಗೊತ್ತಾಗ್ಲಿ, ಮಂದಿ ಬಾಯಿಗ್ಯಾಕ ಅಂತಿದ್ಲು."

ನಾನು ನಕ್ಕೆ. ನಾಲ್ಕಾರು ಸಲ ಗದರಿದ ಮೇಲೆ ಅವಳು ಆ ರೂಢಿ ಬಿಟ್ಟಳು. ಇಪ್ಪತ್ತೆಂಟು ವರ್ಷ ಕೈಯಳತೆಯ ಮೇಲೆ ಉಪ್ಪು ಹಾಕಿದಳು. ಒಂದು ದಿನವೂ ಹೆಚ್ಚುಕಡಿಮೆ ಆಗಲಿಲ್ಲ.

ಜ್ಯೂಸಿನ ಹುಚ್ಚು ಹತ್ತಿದ್ದು ಎರಡು ವರ್ಷದ ಹಿಂದೆ. ರಕ್ತ ಪರೀಕ್ಷೆಯಲ್ಲಿ ಇಬ್ಬರಿಗೂ ಸಕ್ಕರೆ ಗಡಿ ರೇಖೆಯ ಮೇಲೆ ಬಂದು ನಿಂತಿತ್ತು, ಅವಳದ್ದು ಸ್ವಲ್ಪ ಆಚೆಗೆ. ನಾನು ಬೆಳಿಗ್ಗೆ ಗಾರ್ಡನ್‌ನಲ್ಲಿ ನಡೆಯಲು ಶುರು ಮಾಡಿದೆ. ಗೇಟಿನ ಹೊರಗೆ ಗಾಡಿಯವನು ಹಾಗಲಕಾಯಿ, ಸೋರೆಕಾಯಿ, ಬೂದುಗುಂಬಳ ಎಂದು ಸಾಲಾಗಿ ಸ್ಟೀಲ್ ಡಬ್ಬಗಳಲ್ಲಿ ರಸ ಇಟ್ಟುಕೊಂಡು ಕೂರುತ್ತಿದ್ದ. ಅಲ್ಲಿ ಎರಡು ವಾರ ಕುಡಿದೆ. ಸೀವುಡ್ಸ್‌ನಿಂದ ನಮ್ಮ ಆಫೀಸಿಗೆ ಬರುವ ಬೆಂಗಳೂರಿನ ಸಹೋದ್ಯೋಗಿಯೊಬ್ಬರು, "ಆ ಗಾಡಿ ನೀರು ಎಲ್ಲೀದೋ ಏನೋ ಸಾರ್. ಮನೇಲೇ ಮಾಡ್ಕೊಳ್ಳಿ," ಎಂದು ತಾವು ಕೊಂಡ ಯಂತ್ರದ ಫೋಟೋ ತೋರಿಸಿದರು. ನಿಧಾನವಾಗಿ ಹಿಂಡುವ, ಸದ್ದು ಮಾಡದ ಯಂತ್ರ. ಮರುವಾರವೇ ನಮ್ಮ ಅಡಿಗೆ ಕಟ್ಟೆಯ ಮೇಲೆ ಅಂಥದ್ದೊಂದು ಬಂದು ಕೂತಿತು.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನನ್ನದೂ ಅದೇ ಕಥೆ. ನಲವತ್ತೆಂಟು ದಿನದ ಮಂಡಲ ಎಂದು ಘೋಷಿಸಿದೆ. ಒಂದು ಹಾಳೆಯಲ್ಲಿ ಗೆರೆ ಎಳೆದು, ಒಂದು ಕಡೆ ನಾನು, ಇನ್ನೊಂದು ಕಡೆ ಅವಳು ಎಂದು ಬರೆದು ಫ್ರಿಜ್ಜಿಗೆ ಅಂಟಿಸಿದೆ. ಕುಡಿದ ದಿನ ಟಿಕ್ ಹಾಕಬೇಕು. ಲಿಫ್ಟಿನಲ್ಲಿ ಸಿಕ್ಕವರಿಗೆ, ರೈಲಿನಲ್ಲಿ ಪಕ್ಕ ನಿಂತವರಿಗೆ ಕಹಿಯ ಮಹಿಮೆ ಕೊರೆಯುತ್ತಿದ್ದೆ. ನಾಲಿಗೆಗೆ ಬೇಡವಾದದ್ದೇ ರಕ್ತಕ್ಕೆ ಬೇಕಾದದ್ದು ಎಂಬ ಮಾತನ್ನು ನಾನೇ ಕಟ್ಟಿದ್ದೆ, ಎಲ್ಲೋ ಓದಿದ್ದು ಎಂದು ಹೇಳಿಕೊಳ್ಳುತ್ತಿದ್ದೆ.

ಅವಳು ಹಿಂಡಿ ಉಳಿದ ಕ್ಯಾರೆಟ್, ಬೀಟ್‌ರೂಟ್ ಚರಟವನ್ನು ಎಸೆಯದೆ ಥಾಲಿಪೀಠ ತಟ್ಟುತ್ತಿದ್ದಳು. "ಮಂಡಲ ಮುಗಿಯೂದ್ರಾಗ ನಾವು ದನಾ ಆಗ್ತೀವಿ ನೋಡ್ರಿ," ಎಂದು ಚುಡಾಯಿಸುತ್ತಿದ್ದಳು. ಆದರೂ ಕುಡಿಯುತ್ತಿದ್ದಳು. ಕಲ್ಯಾಣದಲ್ಲಿರುವ ತನ್ನ ತಂಗಿಯ ಮನೆಗೆ ಹೋದಾಗ ಎರಡು ದಿನ ತಪ್ಪಿತು, ಹಾಳೆಯಲ್ಲಿ ಅವಳ ಆ ಎರಡು ಚೌಕ ಖಾಲಿ ಬಿಟ್ಟೆ. ಎದುರು ಮನೆಯಲ್ಲಿ ಮಂಗಳೂರು ಕಡೆಯವರಿದ್ದಾರೆ, ಮನೆಯೊಳಗೆ ತುಳು ಮಾತಾಡುವವರು. ಆ ಮನೆಯ ಯಜಮಾನಿ ಏನೋ ಕೇಳಲು ಬಂದಾಗ ಆ ಹಾಳೆ ತೋರಿಸಿ, "ನೋಡಿ, ನನ್ನದು ಒಂದೂ ತಪ್ಪಿಲ್ಲ. ಇವಳದ್ದು ನೋಡಿ," ಎಂದೆ. ಹೆಂಡತಿ ಒಳಗೆ ಹೋದಳು.

ಆ ಸಂಜೆ ಅವಳು, "ನಾಳಿಂದ ನನಗ ಬ್ಯಾಡ. ನಿಮ್ಮ ಮಂಡಲ ನೀವ ಮುಗಸ್ರಿ," ಎಂದಳು.

"ನಾಲಿಗೆ ಚಪಲ ಬಿಡದೋರಿಗೆ ಸಕ್ಕರೆ ಕಾಯಿಲೆ ಬರದೆ ಇನ್ನೇನು ಬರುತ್ತೆ?" ಎಂದೆ.

ಮರುದಿನ ನಲವತ್ತೊಂದನೆಯ ದಿನ. ಅವಳು ಸ್ನಾನಕ್ಕೆ ಹೋಗಿದ್ದಳು. ನಾನು ಸೋರೆಕಾಯಿ ಹಿಂಡಿ ಎರಡು ಲೋಟ ತುಂಬಿಸಿದೆ, ನನ್ನದನ್ನು ಎತ್ತಿ ಒಂದು ಗುಟುಕು ಕುಡಿದೆ. ಹಾಗಲಕಾಯಿ ಕುಡಿದು ಅಭ್ಯಾಸವಿದ್ದ ಬಾಯಿ ಅದು. ಆದರೆ ಈ ಕಹಿಯೇ ಬೇರೆ. ಸಿಂಕಿಗೆ ಉಗುಳಿದೆ, ಬಾಯಿ ತೊಳೆದೆ, ಮತ್ತೆ ತೊಳೆದೆ. ಲೋಟದಲ್ಲಿ ಉಳಿದದ್ದನ್ನೂ ಸಿಂಕಿಗೆ ಸುರಿದು ನಲ್ಲಿ ಬಿಟ್ಟೆ. ನಂತರ ಫ್ರಿಜ್ಜಿನ ಮೇಲಿನ ಹಾಳೆಯಲ್ಲಿ ನನ್ನ ಹೆಸರಿಗೆ ಟಿಕ್ ಹಾಕಿದೆ.

ಅವಳ ಲೋಟವನ್ನೂ ಚೆಲ್ಲಬಹುದಿತ್ತು. ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಚೆಲ್ಲಿದ್ದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಹಿಂದಿನ ಸಂಜೆ ಅಷ್ಟು ಮಾತಾಡಿದವನು, ನನಗೇ ಕುಡಿಯಲಾಗಲಿಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಅದು ವಿಷ ಎಂದು ನನಗೆ ಗೊತ್ತಿರಲಿಲ್ಲ, ನಿಜ. ಆದರೆ ಅಷ್ಟು ಕಹಿಯಾದದ್ದು ಅವಳ ಸಕ್ಕರೆಗೆ ಇನ್ನೂ ಒಳ್ಳೆಯದೇ ಇರಬಹುದು ಎಂದು ಆ ಕ್ಷಣದಲ್ಲಿ ನನಗೆ ನಾನೇ ಹೇಳಿಕೊಂಡೆನಲ್ಲ, ಆ ನೀಚತನಕ್ಕೆ ನನ್ನಲ್ಲಿ ಯಾವ ಸಮಾಧಾನವೂ ಇಲ್ಲ.

ಅವಳು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದಳು. ಜಗಳ ಮುಂದುವರಿಸುವುದು ಬೇಡವೆಂದೋ ಏನೋ, ಕೇಳದೆಯೇ ಲೋಟ ಎತ್ತಿಕೊಂಡಳು. ಒಂದು ಗುಟುಕಿಗೆ ಮುಖ ಕಿವುಚಿತು.

"ಭಾಳ ಕಡೂ ಐತ್ರಿ ಇದು."

"ಕಹಿ ಅಂದ್ರೆ ಔಷಧಿ ಕಣೇ. ನಾನು ಕುಡೀಲಿಲ್ವಾ?"

ಅವಳು ನನ್ನ ಖಾಲಿ ಲೋಟ ನೋಡಿದಳು, ಹಾಳೆಯ ಮೇಲಿನ ಟಿಕ್ ನೋಡಿದಳು. ಮೂಗು ಹಿಡಿದುಕೊಂಡು ಪೂರ್ತಿ ಕುಡಿದಳು. ಅವಳ ಟಿಕ್ ಕೂಡ ನಾನೇ ಹಾಕಿ ಏಳು ಹದಿನಾಲ್ಕರ ಗಾಡಿ ಹಿಡಿಯಲು ಹೊರಟೆ.

ರೈಲು ಮುಂಬ್ರಾ ದಾಟುವಾಗ ಫೋನು ಬಂತು. ಎದುರು ಮನೆಯಾಕೆ. "ನೀವು ಬೇಗ ಬನ್ನಿ ಮಾರಾಯ್ರೆ. ಇವರಿಗೆ ವಾಂತಿ ನಿಲ್ಲುವುದೇ ಇಲ್ಲ. ಈಗ ರಕ್ತ ಬಂದ ಹಾಗೆ ಉಂಟು. ರಿಕ್ಷಾದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ಇದ್ದೇವೆ."

ಠಾಣೆಯಲ್ಲಿ ಇಳಿದು ಸೇತುವೆ ಹತ್ತಿ ಆಚೆ ಪ್ಲಾಟ್‌ಫಾರ್ಮಿಗೆ ಓಡಿದೆ. ಹಿಂತಿರುಗುವ ಗಾಡಿ ಆ ಹೊತ್ತಿನಲ್ಲಿ ಖಾಲಿ ಇರುತ್ತದೆ. ಸೀಟು ಬೇಕಾದಷ್ಟಿದ್ದರೂ ಬಾಗಿಲಲ್ಲೇ ನಿಂತುಕೊಂಡೆ. ಬಾಯಲ್ಲಿ ಆ ಕಹಿ ಇನ್ನೂ ಇತ್ತು. ಒಂದು ಗುಟುಕು ಉಗುಳಿದವನ ಬಾಯಲ್ಲಿ ಇಷ್ಟಿದ್ದರೆ ಲೋಟ ಪೂರ್ತಿ ಕುಡಿದವಳ ಹೊಟ್ಟೆಯಲ್ಲಿ ಎಷ್ಟಿರಬೇಕು ಎಂಬ ಲೆಕ್ಕ ಬಿಟ್ಟು ಬೇರೇನೂ ತಲೆಯಲ್ಲಿ ಇರಲಿಲ್ಲ.

ಅವಳನ್ನು ಮಂಚದ ಮೇಲೆ ಮಲಗಿಸಿ ಸಲೈನ್ ಹಾಕಿದ್ದರು. ಬಣ್ಣವೇ ಇಲ್ಲದ ಮುಖ. ಬಿಪಿ ತೀರಾ ಇಳಿದಿದೆ ಎಂದು ನರ್ಸು ಓಡಾಡುತ್ತಿದ್ದಳು. ನನ್ನನ್ನು ಕಂಡವಳೇ ನನ್ನ ಹೆಂಡತಿ ತಲೆ ಎತ್ತಿ, "ಯಾಂನಾ ಪಣ್ ಬಘಾ ಡಾಕ್ಟರ್, ಯಾಂನೀ ಪಣ್ ಪ್ಯಾಯ್ಲಂಯ್," ಎಂದಳು. ಇವರನ್ನೂ ನೋಡಿ, ಇವರೂ ಕುಡಿದಿದ್ದಾರೆ ಎಂದು. ಅಷ್ಟು ಹೇಳಿ ಮತ್ತೆ ಪಾತ್ರೆಗೆ ಬಾಗಿದಳು.

ಡಾಕ್ಟರು ನನ್ನ ಕಡೆ ತಿರುಗಿದರು. "ಆಪ್‌ನೇ ಭೀ ಪಿಯಾ?"

"ಹಾಂ," ಎಂದೆ.

ಅವರು ನನ್ನನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು. ನರ್ಸು ನನ್ನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು. ನೋವಿದೆಯೇ ಎಂದರು. ಸ್ವಲ್ಪ ಗುಡುಗುಡು ಎನ್ನುತ್ತಿದೆ ಎಂದೆ. ಕುಡಿಯಲು ಓಆರ್‌ಎಸ್ ಕೊಟ್ಟರು. ಅದನ್ನೂ ಕುಡಿದೆ. ಹೆಂಡತಿ ಮಂಚದಿಂದಲೇ ನೋಡುತ್ತಿದ್ದಳು, ನಾನು ಮುಗಿಸಿದ ಮೇಲೆ ಕಣ್ಣು ಮುಚ್ಚಿದಳು.

ರಸ ಹಿಂಡಿದ್ದು ಯಾರು ಎಂದು ಡಾಕ್ಟರು ಸುಮ್ಮನೆ ಕೇಳಿದರು, ಎಷ್ಟು ಹೊತ್ತಿಗೆ ಕುಡಿದಿರಿ ಎಂದು ಕೇಳಿದ ಹಾಗೆ. ನಾನು ಮಾತ್ರ, ಇಬ್ಬರದ್ದೂ ಒಂದೇ ಕಾಯಿ, ಒಂದೇ ಲೋಟದ ಅಳತೆ, ಇಬ್ಬರೂ ಜೊತೆಗೇ ಕುಡಿದೆವು ಎಂದು ಯಾರೂ ಕೇಳದ್ದನ್ನೆಲ್ಲ ಹೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಂಡದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಡಾಕ್ಟರು ನಿಧಾನವಾಗಿ ವಿವರಿಸಿದರು. ಸೋರೆಕಾಯಿ ಕಹಿ ಇದ್ದರೆ ಅದು ಔಷಧಿಯಲ್ಲ, ವಿಷ. ಹೆಚ್ಚುವ ಮೊದಲು ತುದಿಯ ಒಂದು ಚೂರು ನಾಲಿಗೆಗೆ ಮುಟ್ಟಿಸಿ ಉಗುಳಬೇಕು, ಕಹಿ ಇದ್ದರೆ ಇಡೀ ಕಾಯಿ ಎಸೆಯಬೇಕು. "ಮನೆಯಲ್ಲಿ ಹಿರಿಯರು ಯಾರೂ ಹೇಳಿಕೊಟ್ಟಿರಲಿಲ್ಲವೇ?" ಎಂದು ಕೇಳಿದರು. ಹೇಳಿಕೊಟ್ಟಿದ್ದ ಹಿರಿಯಳು ಶಹಾಡ್‌ನಲ್ಲಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಅವಳ ಮಗಳ ಬಾಯಿ ಕಟ್ಟಿದವನು ನಾನು. ಅದನ್ನೂ ಹೇಳಲಿಲ್ಲ.

ಎರಡು ದಿನ ಅವಳು ನಮಗೆ ಸಿಗುತ್ತಾಳೋ ಇಲ್ಲವೋ ಎಂದು ಯಾರೂ ಖಚಿತವಾಗಿ ಹೇಳಲಿಲ್ಲ. ಮೂರನೆಯ ದಿನ ಕುಡಿದ ಗಂಜಿ ಹೊಟ್ಟೆಯಲ್ಲಿ ನಿಂತಿತು. ಐದನೆಯ ದಿನ ಮನೆಗೆ ಕರೆದುಕೊಂಡು ಬಂದೆ. ಅವಳಿಗಿಂತ ಮೊದಲು ಒಳಗೆ ಹೋಗಿ ಫ್ರಿಜ್ಜಿನ ಹಾಳೆ ಹರಿದು ಚೂರು ಮಾಡಿ ಕಸಕ್ಕೆ ಹಾಕಿದೆ.

ಸುಧಾರಿಸಿದ ಮೇಲೆ ಹೇಳೋಣ ಎಂದುಕೊಂಡೆ. ಸುಧಾರಿಸಿದಳು. ನೋಡಲು ಬಂದವರ ಮುಂದೆಲ್ಲ ಅವಳೇ, "ಇವರೂ ಅಷ್ಟ ಕುಡದಾರ. ಇವರಿಗೇನೂ ಆಗ್ಲಿಲ್ಲ. ಕಲ್ಲಿನ ಹೊಟ್ಟಿ ಇವರದು. ನನ್ನ ಹೊಟ್ಟೀನ ನಾಜೂಕ," ಎಂದು ತನ್ನ ಹೊಟ್ಟೆಯನ್ನೇ ತಪ್ಪಿತಸ್ಥ ಮಾಡಿದಳು. ಎದುರು ಮನೆಯಾಕೆ, "ದಿನಾ ನಡೆಯುವವರ ಮೈ ಅಲ್ವಾ, ಗಟ್ಟಿ ಇರ್ತದೆ," ಎಂದು ತಲೆದೂಗಿದರು. ನಾನು ಟೀ ತಂದಿಡುತ್ತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಊರಿನವರನ್ನೆಲ್ಲ ಆಡಿಕೊಂಡವನು ನಾನು. ನನ್ನದೇ ಬದನೆಕಾಯಿ ಎದುರಿಗೆ ಬಂದಾಗ ಬಾಯಿ ಬರಲಿಲ್ಲ. ಹಬ್ಬ ಮುಗಿಯಲಿ ಎಂದುಕೊಂಡೆ. ಅವಳ ತಂಗಿಯ ಮಗಳ ಮದುವೆ ಮುಗಿಯಲಿ ಎಂದುಕೊಂಡೆ.

ಯಂತ್ರವನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಅಟ್ಟಕ್ಕೆ ಹಾಕಿದ್ದೆ. ಕೆಲವು ತಿಂಗಳ ಮೇಲೆ ಅವಳೇ ಇಳಿಸಿದಳು. "ನಿಮಗ ಮನಸಿಗಿ ಬರತದಲಾ, ನಾ ಮಾಡಿ ಕೊಡ್ತೀನಿ," ಎಂದಳು. ತಾನು ಮಾತ್ರ ಕುಡಿಯುವುದಿಲ್ಲ. ಸೋರೆಕಾಯಿ ಮನೆಗೇ ಬರುವುದಿಲ್ಲ. ಕ್ಯಾರೆಟ್, ನೆಲ್ಲಿಕಾಯಿ, ಸೌತೆಕಾಯಿ. ಸೌತೆಕಾಯಿಯ ತುದಿ ಕತ್ತರಿಸಿ, ಅವಳವ್ವ ಮಾಡುತ್ತಿದ್ದ ಹಾಗೆ ಒಂದು ಚೂರು ಕಚ್ಚಿ ನೋಡುತ್ತಾಳೆ. ಅಷ್ಟೇ ಅಲ್ಲ. ಹಿಂಡಿದ ಮೇಲೆ ನನ್ನ ಲೋಟದಿಂದ ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ನಿಂತು, ಆಮೇಲೆ ಕೊಡುತ್ತಾಳೆ. ಮೊದಲ ದಿನ ಲೋಟ ಚಾಚಿದವಳು ಕೇಳಿದಳು, "ಎಂಜಲ ಆತು. ನಡೀತದಲಾ?"

"ನಡೀತದೆ," ಎಂದೆ. ಅದಕ್ಕಿಂತ ಹೆಚ್ಚು ಮಾತಾಡಿದ್ದರೆ ಅಳು ಬರುತ್ತಿತ್ತು.

ಈ ಬೇಸಿಗೆಯಲ್ಲಿ ಒಂದು ಸೌತೆಕಾಯಿ ಕಹಿ ಬಂತು. ಕಚ್ಚಿದವಳು ಥೂ ಎಂದು ಸಿಂಕಿಗೆ ಉಗುಳಿ, ಬಾಯಿ ಮುಕ್ಕಳಿಸಿ, ಕಾಯಿಯನ್ನು ಕಸದ ಬುಟ್ಟಿಗೆ ಹಾಕಿದಳು. "ಛಲೋ ಆತು ನಾ ನೋಡಿದ್ದು. ನಿಮ್ಮ ಕೈಗಿ ಹೋಗಿದ್ರ ಸುಮ್ನ ಕುಡದುಬಿಡ್ತಿದ್ರಿ. ನಿಮಗ ಕಹಿ ತಿಳಿಯಂಗಿಲ್ಲ," ಎಂದಳು. ನಾನು ನನ್ನ ರಸ ಸುರಿದ ಅದೇ ಸಿಂಕು ಅದು. ಆ ದಿನದಿಂದಲೇ ಇದನ್ನು ಬರೆಯತೊಡಗಿದೆ.

ಕಳೆದ ಭಾನುವಾರ ಊಟದ ಮೇಜಿನ ಮೇಲೆ ಬರೆಯುತ್ತಿದ್ದಾಗ ಅವಳು ಕೊತ್ತಂಬರಿ ಬಿಡಿಸುತ್ತ ಎದುರಿಗೆ ಕೂತಳು. ಏನು ಬರೆಯುತ್ತೀರಿ ಎಂದಳು. ನಮ್ಮ ಜ್ಯೂಸಿನ ಕಥೆ ಎಂದೆ. "ಓದ್ರಲಾ, ಕೇಳ್ತೀನಿ," ಎಂದಳು.

ಮೊದಲ ಪ್ಯಾರಾ ಬಿಟ್ಟು ಓದತೊಡಗಿದೆ. ಶಹಾಡ್ ಬಂದಾಗ ಅವಳಿಗೆ ಖುಷಿಯಾಯಿತು. ಅವ್ವನ ಮಾತು ಬಂದಾಗ ಕೈ ನಿಲ್ಲಿಸಿದಳು. ನಲವತ್ತೊಂದನೆಯ ದಿನದ ಹತ್ತಿರ ಬರುತ್ತ ಇವತ್ತು ಹೇಳಿಯೇಬಿಡುತ್ತೇನೆ ಎಂದು ನಿಜವಾಗಿಯೂ ನಂಬಿದ್ದೆ. ಕಣ್ಣೆದುರು ಅಕ್ಷರಗಳಿದ್ದವು, ಸುಮ್ಮನೆ ಓದಿದ್ದರೆ ಸಾಕಿತ್ತು. "ನಾನು ಒಂದೇ ಗುಕ್ಕಿಗೆ ಕುಡಿದೆ," ಎಂದು ಓದಿದೆ. ಹಾಳೆಯ ಮೇಲೆ ಆ ಸಾಲು ಇಲ್ಲ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮ ಹೊಟ್ಟೀನೂ ಅವತ್ತ ಉರದಿರಬೇಕು. ನನ್ನ ಮುಂದ ಹೇಳಲೇ ಇಲ್ಲ ನೀವು," ಎಂದಳು.

ಇವತ್ತು ಬೆಳಿಗ್ಗೆ ಕ್ಯಾರೆಟ್ಟು, ಸೌತೆಕಾಯಿ. ಅವಳು ನನ್ನ ಲೋಟದಿಂದ ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ನಿಂತು, ಸೆರಗಿನಿಂದ ಅಂಚು ಒರೆಸಿ ಕೈಗಿಟ್ಟಳು.

"ಕುಡೀರಿ, ಏನಿಲ್ಲ."

ಕುಡಿದೆ.