ಹಸಿರಾಗಲಿ ಎಂದು ಉಜ್ಜಿದ ಎಲೆಗಳು

ಬಷೀರಣ್ಣ, ಡಾಕ್ಟರಮ್ಮನ ಫ್ರೆಂಚ್ ಮೇಜನ್ನು ಹಾಳು ಮಾಡಿದವನು ನಾನು. ಇದು ನಿಮಗೂ ಗೊತ್ತು, ನನಗೂ ಗೊತ್ತು. ಇಷ್ಟು ವರ್ಷ ನಾನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ — ಅಷ್ಟೇ ಎಂದು ಬರೆಯಲೂ ನಾಚಿಕೆಯಾಗುತ್ತದೆ.

ನಾವಿಬ್ಬರೂ ಹಳೆಯ ಸಾಮಾನು ದುರಸ್ತಿ ಮಾಡುತ್ತಿದ್ದ ಮಧುಗಿರಿಯ ನಮ್ಮ ಅಂಗಡಿಗೆ ಆ ಮೇಜು ಬಂದ ದಿನ ನೆನಪಿದೆಯೇ? ಡಾಕ್ಟರಮ್ಮನ ಅಜ್ಜ ಪಾಂಡಿಚೇರಿಯಿಂದ ತಂದಿದ್ದ, ಬರೆಯುವ ಮೇಜು. ಅದರ ಮೇಲೆಲ್ಲ ಹೂಬಳ್ಳಿ — ಮೇಲೆ ಬಣ್ಣ ಬಳಿದದ್ದಲ್ಲ, ಬಣ್ಣದಲ್ಲಿ ನೆನೆಸಿದ ತೆಳುವಾದ ಮರದ ಚೂರುಗಳನ್ನು ಎಲೆ, ಎಸಳುಗಳಾಗಿ ಕತ್ತರಿಸಿ ಕೂಡಿಸಿದ್ದು. ಸಿರಾ ಬಸ್ಸಿಳಿದು ಬಂದ ನೀವು ಚೀಲ ಕೆಳಗಿಡುವುದನ್ನೂ ಮರೆತು ನೋಡುತ್ತ ನಿಂತಿರಿ. ಅಂಟು ಕಾಯಿಸುತ್ತ, ಇದನ್ನು ಮಾಡಿದ ಪುಣ್ಯಾತ್ಮನಿಗೆ ಎಷ್ಟು ಮಕ್ಕಳಿದ್ದವೋ, ಮನೆಗೆ ತಡವಾಗಿ ಹೋದರೆ ಹೆಂಡತಿ ಬೈಯುತ್ತಿದ್ದಳೋ ಎಂದು ನಾವಿಬ್ಬರೂ ಹರಟಿದ್ದು... ಅಂಥ ಬೆಳಗು ನನಗೆ ಮತ್ತೆ ಸಿಗಲಿಲ್ಲ.

ಎದ್ದುಬಂದಿದ್ದ ಒಂದು ಎಲೆಯನ್ನು ಅಂಟಿಸುವುದಷ್ಟೇ ಕೆಲಸ. "ಬಣ್ಣ ಮಾಸೈತೆ ಅಂತ ಕೆರೀಬ್ಯಾಡ ಕಣ್ಲಾ ರಂಗ. ವಯಸ್ಸಾಗಿರೋದೇ ಅದಕ್ಕೆ ಚೆಂದ" ಎಂದು ಹೇಳಿ ನೀವು ನೆಂಟರ ಮದುವೆಗೆ ಹೋದಿರಿ. ನಾನು ಆ ಎಲೆ ಎತ್ತಿ ನೋಡಿದೆ. ಬೆಳಕು ಬಿದ್ದ ಮೇಲ್ಭಾಗ ಮಾಸಿ ಕಂದು, ಅಡಿಯಲ್ಲಿ ಗಿಳಿಹಸಿರು. ಉಜ್ಜಿದರೆ ಇಡೀ ಬಳ್ಳಿ ಹಸಿರಾಗುತ್ತದೆ, ನೀವು ಬಂದು ಬೆರಗಾಗುತ್ತೀರಿ ಎಂದುಕೊಂಡು ಮರಳು ಕಾಗದ ಹಿಡಿದೆ. ಆದದ್ದೂ ನಿಜ — ಒಂದೆರಡು ಎಲೆ ಹಸಿರಾದವು. ಆಮೇಲೆ ನನ್ನನ್ನು ಹಿಡಿಯುವವರು ಯಾರು? ಉಜ್ಜುತ್ತಲೇ ಹೋದೆ, ಎಲೆಗಳೇ ಸವೆದು ಅಡಿಯ ಬೋಳು ಮರ ಕಾಣಿಸಿತು.

ಡಾಕ್ಟರಮ್ಮ ಬಂದು "ಯಾರು ಮಾಡಿದ್ದಿದು?" ಎಂದಾಗ, ಮದುವೆ ಮುಗಿಸಿ ಬಂದಿದ್ದ ನೀವೂ ಅಲ್ಲೇ ಇದ್ದಿರಿ. ನಾನು "ಬಷೀರಣ್ಣ" ಎಂದುಬಿಟ್ಟೆ. ನೀವು ನನ್ನ ಮುಖ ನೋಡಿದಿರಿ. "ಹೌದಮ್ಮ, ಕೈ ತಪ್ಪೋಯ್ತು" ಎಂದಿರಿ.

ಆಮೇಲೆ ಊರಲ್ಲಿ ಯಾರೂ ಹಳೆಯ ಸಾಮಾನು ನಿಮ್ಮ ಕೈಗೆ ಕೊಡಲಿಲ್ಲ. ನೀವು ಸಿರಾದಲ್ಲೇ ಮಂಚ, ಬಾಗಿಲು ಮಾಡಿಕೊಂಡು ಉಳಿದಿರಿ. ಅಂಗಡಿ ನನ್ನದಾಯಿತು. ಹಳೆಯ ಮೇಜು, ಬೀರು ಎಂದರೆ ಇವತ್ತಿಗೂ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ.

ಮೊನ್ನೆ ಮೊಮ್ಮಗಳ ಕೈ ಹಿಡಿದು ಅಂಗಡಿಗೆ ಬಂದಿರಿ. ನಾನು ದುರಸ್ತಿ ಮಾಡಿದ ಪೆಟ್ಟಿಗೆಯ ಹೂಗಳನ್ನು ಸವರುತ್ತ ಅವಳು, "ದಾದಾ, ನೀವ್ಯಾಕೆ ಈ ಕೆಲ್ಸ ಬಿಟ್ರಿ?" ಎಂದಳು. ನೀವು ನಕ್ಕು, "ಇವ್ನಂಗೆ ನನ್ ಕೈ ಕುದುರಲಿಲ್ಲ ಕಣಮ್ಮ" ಎಂದಿರಿ. ನಾನು ಟೀ ಹೇಳುವ ನೆಪದಲ್ಲಿ ಎದ್ದು ಹೊರಗೆ ಹೋದೆ.

ಬರುವ ಭಾನುವಾರ ಡಾಕ್ಟರಮ್ಮನ ಮನೆಗೆ ಹೋಗಿ ನಿಜ ಹೇಳುತ್ತೇನೆ. ಅಲ್ಲಿಂದ ನೇರ ಸಿರಾ ಬಸ್ಸು ಹತ್ತುತ್ತೇನೆ. ನಿಮ್ಮ ಮೊಮ್ಮಗಳು ಮನೆಯಲ್ಲಿರಲಿ, ಬಷೀರಣ್ಣ. ನಾನು ಹೇಳಬೇಕಾಗಿರುವುದು ಅವಳಿಗೆ.