ಎರಡನೇ ರಿಮೋಟಿನ ಯೋಗೀಶ

ಹಾಗಲ್ಲ ಹುಡುಗೀ, ನೀನು ಕೇಳಿದ್ದು ಅರ್ಧ ಕಥೆ. ಯೋಗೀಶ ಹುಚ್ಚು ಹಿಡಿದು ಊರವರನ್ನೆಲ್ಲ ಕೂಡಿಸಿ ಹಳೇ ವಿಡಿಯೋ ಗೇಮ್ ಆಡಿಸುತ್ತಾನೆ ಅಂತ ಬೀಜಾಡಿಯಲ್ಲಿ ಹೇಳುವವರೇ ಎಲ್ಲ. ಹುಚ್ಚಲ್ಲ ಅದು, ಹಗೆ. ಇಪ್ಪತ್ತಾರು ವರ್ಷ ಒಳಗೊಳಗೇ ಇಟ್ಟುಕೊಂಡ ಹಗೆ. ಆ ಫ್ಯಾನು ಒಂಚೂರು ಕಡಿಮೆ ಮಾಡಿ ಕೂತುಕೋ, ಹೇಳುತ್ತೇನೆ.

ನನ್ನ ಮಗಳ ಮಗ ಯೋಗೀಶನಿಗೆ ಆಗ ಹನ್ನೊಂದು ವರ್ಷ. ಮುಂಬೈಯಲ್ಲಿ ಹೋಟೆಲ್ ಇಟ್ಟಿದ್ದವರ ಹುಡುಗ ನಿತೇಶ ಮೇ ರಜೆಗೆ ಬರುವಾಗ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ತಂದಿದ್ದ. ನಮ್ಮ ಕಡೆ ಅದೇ ಮೊದಲು. ಕುಷ್ಟ, ರತನ್, ಯೋಗೀಶ, ಎಲ್ಲ ಬೆಳಗಾದರೆ ಅವನ ಮನೆ ಚಾವಡಿಯಲ್ಲಿ. ಅದಕ್ಕೆ ಎರಡು ರಿಮೋಟು ಇರುತ್ತದೆ. ಮೊದಲನೆಯದರ ನಡುವೆ ಒಂದು ಪುಟ್ಟ ಬಟನ್. ಒತ್ತಿದರೆ ಆಟ ಶುರು. ಆಡುತ್ತಿರುವಾಗ ಅದನ್ನೇ ಒತ್ತಿದರೆ ಆಟ ನಿಂತಲ್ಲೇ ನಿಲ್ಲುತ್ತದೆ, ಮತ್ತೆ ಒತ್ತಿದರೆ ಮುಂದೆ ಹೋಗುತ್ತದೆ. ಪಾಜ್ ಅನ್ನುತ್ತಾರೆ ಅದಕ್ಕೆ. ಎರಡನೇ ರಿಮೋಟಿಗೆ ಆ ಬಟನ್ನೇ ಇಲ್ಲ. ಇದನ್ನು ನೆನಪಿಟ್ಟುಕೋ, ಕಥೆ ಇರುವುದೇ ಅಲ್ಲಿ.

ರಜೆ ಮುಗಿಯುವ ಹೊತ್ತಿಗೆ ನಿತೇಶ ಪಂದ್ಯ ಇಟ್ಟ. ಎರಡು ಗೊಂಬೆಗಳು ಓಡುವುದು, ಹೊಂಡ ಹಾರುವುದು, ಮೊದಲು ಬಾವುಟ ಮುಟ್ಟಿದವ ಗೆದ್ದ. ಯೋಗೀಶನ ಕೈಗೆ ಎರಡನೇ ರಿಮೋಟು. ಆದರೂ ಅವನೇ ಮುಂದಿದ್ದ. ಕೊನೇ ಹೊಂಡ ಹಾರುವ ಹೊತ್ತಿಗೆ ಸರಿಯಾಗಿ ನಿತೇಶ ಪಾಜ್ ಒತ್ತಿದ, ಯಾರಿಗೂ ಕಾಣುವ ಮೊದಲೇ ಮತ್ತೆ ಒತ್ತಿದ. ಯೋಗೀಶನ ಬೆರಳಿನ ಅಂದಾಜು ತಪ್ಪಿತು, ಗೊಂಬೆ ಹೊಂಡಕ್ಕೆ ಬಿತ್ತು.

"ಅವ ಪಾಜ್ ಒತ್ತಿದ್ದ," ಅಂದ ಯೋಗೀಶ.

"ಸೋತವ್ರೆಲ್ಲ ಹಾಂಗೇ ಹೇಳುದ್. ಎರಡ್ನೇ ರಿಮೋಟು, ಮನಿಗ್ ಹೋಯಿ ಮನಿಕೊ," ಅಂದ ನಿತೇಶ.

ಎಲ್ಲರೂ ನಕ್ಕರು. ಒಬ್ಬನಾದರೂ ನಂಬಲಿಲ್ಲ. ಹುಡುಗ ಎರಡು ದಿನ ಊಟ ಮಾಡಲಿಲ್ಲ. ನಾನು ಬಂಗುಡೆ ಸುಟ್ಟು ಮುಂದಿಟ್ಟೆ. ಅದನ್ನು ಬೆಕ್ಕು ತಿಂದಿತು. ಬೂದಿ ಬಣ್ಣದ್ದು, ಮಹಾ ಕಳ್ಳ ಬೆಕ್ಕು. ಅದರ ವಿಷಯ ಬಿಡು.

ನಿತೇಶ ಮುಂಬೈಗೆ ಹೋದ, ಅವನಿಟ್ಟ ಹೆಸರು ಇಲ್ಲೇ ಉಳಿಯಿತು. ಕ್ರಿಕೆಟ್ ಆಡುವಲ್ಲಿ ಎರಡನೇ ರಿಮೋಟು, ಬಸ್ಸಿನ ಕಂಡಕ್ಟರಿಗೂ ಎರಡನೇ ರಿಮೋಟು. ದೊಡ್ಡವನಾಗಿ ಕೋಟೇಶ್ವರದಲ್ಲಿ ಟಿವಿ, ಮಿಕ್ಸಿ ರಿಪೇರಿ ಅಂಗಡಿ ಹಾಕಿದರೆ ಅದು ಎರಡನೇ ರಿಮೋಟಿನ ಅಂಗಡಿ. ಎಲ್ಲವನ್ನೂ ನಕ್ಕು ನುಂಗಿದ. ಐದು ವರ್ಷದ ಹಿಂದೆ ಅವನ ಮಗಳು ಅಕ್ಷಿತಾ ಶಾಲೆಯಿಂದ ಬಂದು ಚೀಲ ಇಳಿಸುವ ಮೊದಲೇ ಕೇಳಿದಳು: "ಅಪ್ಪಯ್ಯ, ಎರಡ್ನೇ ರಿಮೋಟಂದ್ರೆ ಎಂತ? ಎಲ್ಲರೂ ನಂಗೆ ಅದ್ರ ಮಗಳ್ ಅಂತ್ರ್."

ಅವತ್ತು ಅವನು ನಗಲಿಲ್ಲ.

ಗುಜರಿಯಲ್ಲಿ ಹುಡುಕಿ ಅದೇ ತರಹದ ಗೇಮ್ ತಂದ, ಡಬ್ಬಿ ಟಿವಿ ತಂದ. ಕಡಲ ಗಾಳಿಗೆ ಅದಕ್ಕೆ ಸಿಕ್ಕಿಸುವ ಆಟದ ಕ್ಯಾಸೆಟ್ಟಿನ ಪಿನ್ನುಗಳು ಹಸಿರುಗಟ್ಟುತ್ತವೆ. ವಾರಕ್ಕೊಮ್ಮೆ ಸ್ಪಿರಿಟ್ ಹಾಕಿ ಒರೆಸುತ್ತಿದ್ದ, ಮಗುವಿನ ಕಿವಿ ಒರೆಸಿದ ಹಾಗೆ. ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಹಳೇ ಸ್ನೇಹಿತರನ್ನೆಲ್ಲ ಕರೆದ. ಹೆಂಡತಿ ವಿನಯಾ ಗೋಳಿಬಜೆ ಕರಿಯುತ್ತಾಳೆ, ಒಳ್ಳೆಯ ಕೈ ಅವಳದು. ಆ ಮನೆಯಲ್ಲಿ ಒಂದು ಕ್ರಮ: ಬಂದವರಿಗೆ ಮೊದಲ ರಿಮೋಟು, ಯೋಗೀಶನಿಗೆ ಯಾವಾಗಲೂ ಎರಡನೆಯದು. ಎಂಥ ಮರ್ಯಾದಸ್ಥ ಅಂತ ಕುಷ್ಟ ಹೊಗಳುತ್ತಿದ್ದ. ನಾಲ್ಕು ವರ್ಷ ಹೀಗೇ ನಡೆಯಿತು. ಹೆಬ್ಬೆರಳಿನಲ್ಲಿ ಜಡ್ಡು ಬಂತು. ಬರಬೇಕಾದವನು ಮಾತ್ರ ಬರಲಿಲ್ಲ.

ಈ ಮೇಯಲ್ಲಿ ನಿತೇಶ ಊರಿಗೆ ಬಂದ. ಯೋಗೀಶ ತಾನಾಗಿ ಕರೆಯಲಿಲ್ಲ. ಏನೂ ತಿಳಿಯದ ಕುಷ್ಟನೇ ಕರೆದುಕೊಂಡು ಬಂದ. ಹಿಂದಿನ ದಿನ ಯೋಗೀಶ ಮೊದಲ ರಿಮೋಟು ಬಿಚ್ಚಿ, ಪಾಜ್ ಬಟನ್ನಿನ ಅಡಿಯ ಕಡಲೆಯಷ್ಟು ದೊಡ್ಡ ಕಪ್ಪು ರಬ್ಬರು ತೆಗೆದು ನನ್ನ ಕೈಗೆ ಕೊಟ್ಟಿದ್ದ. ಅದಿಲ್ಲದಿದ್ದರೆ ಬಟನ್ ಒತ್ತಿದರೂ ಏನೂ ಆಗುವುದಿಲ್ಲ. ಆಟ ಶುರು ಮಾಡಲಿಕ್ಕೂ ಅದೇ ಬಟನ್ ಬೇಕಲ್ಲ? ಅದಕ್ಕೆ ಬೇರೆ ವೈರು ಎಳೆದು ಟಿವಿಯ ಹಿಂದೆ ಕಾಲಿಂಗ್ ಬೆಲ್ಲಿನ ಸ್ವಿಚ್ಚು ಕೂರಿಸಿದ್ದ.

"ಅರೇ ಯಾರ್, ಎಂತದ್ ಇದ್, ಗುಜರಿ ಅಂಗಡಿ ಮಾಡಿದ್ಯಾ?" ಅನ್ನುತ್ತಲೇ ನಿತೇಶ ಒಳಗೆ ಬಂದು ಧೂಳು ಊದಲು ಕ್ಯಾಸೆಟ್ ಎತ್ತಿ ಬಾಯಿಗಿಟ್ಟ.

"ಊದ್ಬ್ಯಾಡಿ, ಎಂಜಲಿಗೆ ತುಕ್ಕ್ ಹಿಡಿತ್ತ್," ಅಂದಳು ವಿನಯಾ.

"ಕೂಕೊ ಮಾರಾಯ. ಬಂದವ್ರಿಗೆ ಮೊದ್ಲನೇ ರಿಮೋಟು," ಅಂದ ಯೋಗೀಶ.

"ನಿಂಗೆ ಎಷ್ಟನೇದ್ ಅಂದೇಳಿ ಊರಿಗೇ ಗೊತ್ತಿತ್."

ಚಿತ್ರ ಸರಿ ಮಾಡುವವನ ಹಾಗೆ ಟಿವಿಯ ಹಿಂದೆ ಕೈ ಹಾಕಿ ಯೋಗೀಶ ಸ್ವಿಚ್ಚು ಒತ್ತಿದ. ಅದೇ ಗೊಂಬೆ, ಅದೇ ಹೊಂಡ. ಕೊನೇ ಹೊಂಡ ಬರುವಾಗ ಅವನ ಕಣ್ಣಿನ ಒಂದು ಮೂಲೆ ನಿತೇಶನ ಹೆಬ್ಬೆರಳ ಮೇಲೇ ಇತ್ತು. ಅದು ಮೆಲ್ಲ ನಡುವಿಗೆ ಸರಿಯಿತು. ಇಷ್ಟು ವರ್ಷ ಕಾದದ್ದು ಆ ಬೆರಳಿಗೇ. ಒತ್ತಿದ. ಆಟ ನಿಲ್ಲಲಿಲ್ಲ. ಮತ್ತೆ ಒತ್ತಿದ. ಯೋಗೀಶ ಹಾರಿ ಬಾವುಟ ಮುಟ್ಟಿದ. ತಲೆ ಬಗ್ಗಿಸಿ ಬಟನ್ ನೋಡುತ್ತಿದ್ದ ನಿತೇಶನ ಗೊಂಬೆ ಹೊಂಡದೊಳಗೆ.

"ಹ್ವಾಯ್, ಇದ್ರ ಪಾಜ್ ಕೆಲ್ಸ ಮಾಡುದಿಲ್ಲೆ. ಮೂರ್ ಸಲ ಒತ್ತಿದೆ," ಅಂದ ನಿತೇಶ.

ಯೋಗೀಶ ರಿಮೋಟು ಕೆಳಗಿಟ್ಟ. "ನಾ ಹಾರುವತಿಗೆ ನಿಂಗೆಂತಕ್ ಪಾಜ್?"

ಕುಷ್ಟನ ಕೈಯ ಗೋಳಿಬಜೆ ಬಾಯಿಗೆ ಹೋಗದೆ ಅಲ್ಲೇ ನಿಂತಿತು. "ಅಂದ್ರೆ ಅವತ್ತೂ ಒತ್ತಿದ್ದೆ ನೀನ್."

"ಮಕ್ಕಳಾಟ ಮಾರಾಯ, ಅದೆಲ್ಲ ಈಗೆಂತಕ್..."

"ಆ ಮಕ್ಕಳಾಟದ ಹೆಸ್ರ್ ನಾ ಇಪ್ಪತ್ತಾರ್ ವರ್ಷ ಹೊತ್ತಿದ್ದೆ," ಅಂದ ಯೋಗೀಶ. "ನೀ ಒಂದ್ ವಾರ ಹೊರ್, ಕಾಂಬ."

"ಪಾಜ್ ನಿತೇಶ, ಬಜಿ ತಣ್ದ್ ಹೋತ್," ಅಂದ ರತನ್. ಅಲ್ಲಿಗೆ ಮುಗಿಯಿತು ನೋಡು. ಮರುದಿನ ನಿತೇಶ ಮೀನು ತರಲು ಹೋದರೆ ಮೀನು ಮಾರುವ ಜಲಜ ಬುಟ್ಟಿ ಸರಿಸಿ, "ಬಂಗ್ಡಿ ಬೇಕಾ ಪಾಜಣ್ಣ?" ಅಂದಳಂತೆ. ಶಾಲೆ ಶುರುವಾಗುವುದನ್ನೇ ಅಕ್ಷಿತಾ ಕಾಯುತ್ತಿದ್ದಾಳೆ.

ಈಗ ನಿತೇಶ ಫೋನ್ ಮಾಡಿದ್ದಾನೆ. ಸೋಮವಾರ ಮುಂಬೈಗೆ ಹೊರಡುವ ಮೊದಲು ಬಟನ್ ಸರಿ ಮಾಡಿಸಿ ಎಲ್ಲರೆದುರು ಇನ್ನೊಂದು ಸಲ ಆಡಬೇಕಂತೆ. ನಮ್ಮ ಯೋಗೀಶ ಕರಗಿದ. "ಅಜ್ಜಿ, ಪಾಪ, ಆ ರಬ್ಬರ್ ಕೊಡ್," ಅಂತ ಬೆಳಿಗ್ಗೆ ಹೇಳಿ ಕಳಿಸಿದ್ದಾನೆ. ಪಾಪವಂತೆ. ಊಟ ಬಿಟ್ಟ ಹುಡುಗನ ತಟ್ಟೆ ಕಾದು ಕೂತವಳು ನಾನು, ಅವನಲ್ಲ.

ರಬ್ಬರು ಇಲ್ಲೇ ನನ್ನ ಎಲೆ ಪೆಟ್ಟಿಗೆಯಲ್ಲಿ, ಸುಣ್ಣದ ಡಬ್ಬಿಯ ಅಡಿಯಲ್ಲಿದೆ. ನೀನು ಹೇಗೂ ಕೋಟೇಶ್ವರಕ್ಕೆ ಹೋಗುವವಳು. ಅವನ ಅಂಗಡಿಗೆ ಹೊಕ್ಕು, ಅಜ್ಜಿ ಎಲ್ಲ ಕಡೆ ಹುಡುಕಿದಳು, ಅಡಿಕೆ ಸಿಪ್ಪೆಯ ಜೊತೆ ಗುಡಿಸಿ ಹೋಗಿರಬೇಕು ಅಂತ ಹೇಳಿ ಬಾ. ಹೇಳುವಾಗ ನಗಬೇಡ. ಬರುವಾಗ ನನಗೊಂದು ಕಟ್ಟು ವೀಳ್ಯದೆಲೆ ತಾ, ಎಳೆಯದು ನೋಡಿ.