ಎದೆಗೆ ಕಟ್ಟಿದ ಮಲ್ಲಿಗೆ

ಹೋದ ವಾರ ಭಟ್ಕಳದಲ್ಲಿ ಕುಮಟೆಯ ಬಸ್ಸು ಹತ್ತಿದ್ದೆ. ಡ್ರೈವರನ ಪಕ್ಕ, ಎಂಜಿನ್ನಿನ ಮುಚ್ಚಳದ ಮೇಲೆ, ಯಾರೋ ಮಲ್ಲಿಗೆಯ ಬುಟ್ಟಿ ಇಟ್ಟಿದ್ದರು. ಮಟಮಟ ಮಧ್ಯಾಹ್ನ. ಎಂಜಿನ್ನಿನ ಕಾವಿಗೆ ಹೂವು ಬೆಂದು ಪರಿಮಳ ಬಸ್ಸೆಲ್ಲ ತುಂಬಿತು. ಪಕ್ಕದ ಹೆಂಗಸು ಮೂಗರಳಿಸಿ ಉಸಿರೆಳೆದುಕೊಂಡಳು. ನಾನು ಕಿಟಕಿ ಸರಿಸಿ ಮುಖ ಹೊರಗೆ ಹಾಕಿದೆ. ಭಟ್ಕಳ ಮಲ್ಲಿಗೆ ಎಂದರೆ ಮುಂಬಯಿ, ದುಬೈಯವರೆಗೆ ಜನ ಜೀವ ಬಿಡುತ್ತಾರೆ, ಬಿಡಲಿ ಪಾಪ. ನನಗೆ ನೀರು ಚಿಮುಕಿಸಿದ ಹೂವಾದರೆ ಅಡ್ಡಿಯಿಲ್ಲ. ಬಿಸಿಯಾದ ಮಲ್ಲಿಗೆ ಆಗುವುದಿಲ್ಲ. ಮೈಗೆ ಅಂಟಿ ಬಾಡಿದ ಮಲ್ಲಿಗೆಯಂತೂ… ಬೇಡ, ಹೇಳುವುದೇ ಆದರೆ ಮೊದಲಿನಿಂದ ಹೇಳುತ್ತೇನೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಚೊಚ್ಚಲ ಬಾಣಂತನಕ್ಕೆ ಭಟ್ಕಳದ ಹತ್ತಿರದ ಬೆಳಕೆ ಊರಿನ ತವರಿಗೆ ಬಂದಿದ್ದೆ. ಹೆರಿಗೆಯೇನೋ ಆಸ್ಪತ್ರೆಯಲ್ಲೇ ಆಯಿತು, ಆದರೆ ಮನೆಯ ಹೊಸ್ತಿಲು ದಾಟಿದ ಮೇಲೆ ಡಾಕ್ಟರು, ನರ್ಸು, ಪುರೋಹಿತ ಎಲ್ಲ ಅಮ್ಮನೇ. ಮೊದಲು ಬಂದ ಹಳದಿ ಹಾಲನ್ನು ಕೀವಿನ ಹಾಗಿದೆ ಎಂದು ಹಿಂಡಿಸಿ ಚೆಲ್ಲಿಸಿದ್ದಳು. ಚೆಲ್ಲಿದ್ದಕ್ಕೆ ಇರುವೆ ಮುತ್ತಬಾರದಂತೆ, ಮುತ್ತಿದರೆ ಎದೆ ಬತ್ತುತ್ತದಂತೆ. ಬಿಸಿಲಿನಿಂದ ಬಂದು ಕುಡಿಸಿದರೆ ಹಾಲು ಉಷ್ಣ, ಬಾಳೆಹಣ್ಣು ತಿಂದು ಕುಡಿಸಿದರೆ ಥಂಡಿ, ನೀರು ಕುಡಿದರೆ ತೆಳು. ಎದೆಯಲ್ಲಿರುವುದು ಹಾಲೋ ಪಂಚಾಂಗವೋ ಎಂದು ನಾನು ಸಿಡುಕುತ್ತಿದ್ದೆ. ನಿನ್ನ ಬಾಯಿಗೆ ಹೆದರಿಯೇ ಹಾಲು ಒಡೆದು ಹೋಗ್ತದೆ ನೋಡು ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು. ತಮಾಷೆಯಾಗಿ ಹೇಳಿದರೂ ಅವಳ ಎಲ್ಲ ನಿಯಮಗಳಿಗೆ ಅದೇ ತಾಯಿಬೇರು. ಬಾಣಂತಿ ಬೆಚ್ಚಬಾರದು. ಬೆಚ್ಚಿದ ಎದೆಯ ಹಾಲು ವಿಷ.

ಹಾಗೆಂದು ಅವಳಿಗೆ ನಂಬಿಕೆ ಹುಟ್ಟಿಸಿದ್ದು ಆಚೆಮನೆ ಅಕ್ಕನ ಕತೆ. ನಮ್ಮ ಹಿತ್ತಿಲ ಬೇಲಿಯ ಆಚೆ ಅವಳ ಮಲ್ಲಿಗೆ ಚಪ್ಪರ. ಬೆಳಗಿನ ಜಾವ ಮೊಗ್ಗು ಕೊಯ್ದು, ಜಗಲಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಕಟ್ಟಿ, ಭಟ್ಕಳದ ಪೇಟೆಗೆ ಕಳಿಸುತ್ತಿದ್ದಳು. ನಾನು ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಅವಳಿಗೊಂದು ಗಂಡುಕೂಸು ಹುಟ್ಟಿತ್ತು. ಕೂಸಿಗೆ ತಿಂಗಳು ತುಂಬಿರಲಿಲ್ಲ, ಕಡಲ ದಂಡೆಗೆ ಹೆಣ ಬಂದಿದೆ ಎಂದು ಊರೆಲ್ಲ ಓಡಿತು. ಅವಳ ತಮ್ಮ ಬೋಟಿಗೆ ಹೋಗಿದ್ದ. ಅವನೇ ಇರಬಹುದೆಂದು ಅವಳೂ ಬಾಣಂತಿ ಮೈಯಲ್ಲಿ ಓಡಿದಳು. ಅವನಲ್ಲ, ಯಾರೋ ಪರ ಊರಿನವನು. ಮರಳಿ ಬಂದು, ಅಳುತ್ತಿದ್ದ ಕೂಸನ್ನು ಎದೆಗೆ ಹಾಕಿಕೊಂಡಳು. ಆಗ ಮನೆಯ ಹಿರಿಯರು ಹೌಹಾರಿದರು. ಹೆಣ ಕಂಡು ಬೆಚ್ಚಿದ ಹಾಲು, ಇನ್ನು ಒಂದು ಹನಿ ಕೊಡಕೂಡದು ಎಂದರು. ಹಾಲು ಬತ್ತಿಸಲು ನಮ್ಮ ಕಡೆ ಎದೆಗೆ ಮಲ್ಲಿಗೆ ದಂಡೆ ಇಟ್ಟು ಬಿಗಿಯಾಗಿ ಬಟ್ಟೆ ಕಟ್ಟುತ್ತಾರೆ. ಅವಳು ತನ್ನದೇ ಚಪ್ಪರದ ಹೂವನ್ನು ತಾನೇ ಕಟ್ಟಿ ಎದೆಗಿಟ್ಟುಕೊಂಡಳು. ಕೂಸಿಗೆ ನೀರು ಬೆರೆಸಿದ ದನದ ಹಾಲು. ಕೆಲವೇ ದಿನ… ಹೋಯಿತು. ಆ ಒಂದು ಸಲ ಕುಡಿಸಿದ ಹಾಲೇ ಕೊಂದಿತು ಎಂದು ಊರು ತೀರ್ಪು ಕೊಟ್ಟಿತು.

ವಿಚಿತ್ರವೆಂದರೆ ಅವಳ ಹಾಲು ಆಮೇಲೆ ನಿಲ್ಲಲಿಲ್ಲ. ವರ್ಷಗಳೇ ಕಳೆದರೂ ನಿಲ್ಲಲಿಲ್ಲ. ಎಲ್ಲಿ ಎಳೆಗೂಸು ಅತ್ತರೂ ಅವಳ ಎದೆ ಒದ್ದೆಯಾಗುತ್ತದೆ ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ಪಿಸುಗುಟ್ಟುತ್ತಿದ್ದರು. ಅವಳು ಎದುರು ಬಂದರೆ ಕೂಸಿನ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ಅವಳು ಕಟ್ಟಿದ ಹೂವನ್ನು ಮಾತ್ರ ಚೌಕಾಸಿ ಮಾಡಿ ಮುಡಿಯುತ್ತಿದ್ದರು. ಹೂವಿಗೆ ದೋಷವಿಲ್ಲವಂತೆ!

ನಾನು ಇದನ್ನೆಲ್ಲ ನಂಬುವ ಪೈಕಿಯಲ್ಲ ಎಂದುಕೊಂಡಿದ್ದೆ. ಆದರೆ ಕೋಣೆಯಲ್ಲಿ ಮಲಗಿ ಮಲಗಿ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಮಗಳು ಅತ್ತಾಗಲೆಲ್ಲ ಬೇಲಿಯ ಆಚೆ ತರಗೆಲೆ ಸದ್ದಾಗುತ್ತಿತ್ತು. ಅತ್ತ ಮೇಲೆ ಸದ್ದಾದರೆ ಸರಿ. ಕೆಲವು ಸಲ ಮೊದಲು ತರಗೆಲೆ, ಆಮೇಲೆ ಅಳು. ನಾನು ಕಿವಿಗೊಟ್ಟು ಕಾಯತೊಡಗಿದೆ. ಸದ್ದಾಯಿತೆಂದರೆ ನನ್ನ ಕಣ್ಣು ತಾನಾಗಿ ತೊಟ್ಟಿಲ ಕಡೆ ಹೋಗುತ್ತಿತ್ತು, ಹೋದರೆ ಕೂಸು ಆಗಷ್ಟೇ ತುಟಿ ಸೊಟ್ಟ ಮಾಡುತ್ತಿರುತ್ತಿತ್ತು. ಅಮ್ಮನಿಗೆ ಹೇಳಲಿಲ್ಲ, ಹೇಳಿದರೆ ಮಂತ್ರ ಹಾಕಿಸಲು ಹೊರಡುತ್ತಿದ್ದಳು.

ಒಂದು ಮಧ್ಯಾಹ್ನ ಬಿಸಿನೀರು ಮಿಂದು, ಲೋಬಾನದ ಹೊಗೆಯಲ್ಲಿ ಮಂಪರು ಹತ್ತಿ ಮಲಗಿದ್ದೆ. ಬೆಂದ ಮಲ್ಲಿಗೆಯ ವಾಸನೆಗೆ ಎಚ್ಚರವಾಯಿತು. ಕಣ್ಣು ಬಿಟ್ಟರೆ ಕಿಟಕಿಯ ಸರಳಿಗೆ ಒತ್ತಿಕೊಂಡು ಆಚೆಮನೆ ಅಕ್ಕ ನಿಂತಿದ್ದಳು, ಬೇಲಿಯ ಈಚೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಕೂಸನ್ನೂ ನೋಡುತ್ತಿರಲಿಲ್ಲ, ಎದುರಿನ ಖಾಲಿ ಗೋಡೆ ನೋಡುತ್ತಿದ್ದಳು. ತಲೆಯಲ್ಲಿ ಒಂದೇ ಒಂದು ಹೂವಿಲ್ಲ. ಮತ್ತೆ ವಾಸನೆ ಎಲ್ಲಿಂದ? ಕೂಸು ಕುಂಯ್ ಎಂದಿತು. ಅವಳ ಬೂದು ಬಣ್ಣದ ಸೀರೆಯ ಮೇಲೆ ಎರಡು ಕಡೆ ಒದ್ದೆ ಮೂಡಿ, ನಾನು ನೋಡನೋಡುತ್ತಲೇ ಅಗಲವಾಗುತ್ತ ಹೋಯಿತು. ನಾನು ಕಿಟಾರನೆ ಕಿರುಚಿದ್ದಷ್ಟೇ ಗೊತ್ತು. ಎಚ್ಚರಾದಾಗ ಅಮ್ಮ ನನ್ನ ಹಲ್ಲಿನ ಸಂದಿಯಲ್ಲಿ ಚಮಚ ತುರುಕುತ್ತಿದ್ದಳು.

ಆಮೇಲೆ ನನ್ನ ಬಾಯಿಯೂ ನಡೆಯಲಿಲ್ಲ, ಬುದ್ಧಿಯೂ ನಡೆಯಲಿಲ್ಲ. ಕೂಸನ್ನು ಎದೆಗೆ ಹಚ್ಚಿದರೆ ಹಾಲು ಇಳಿಯಲಿಲ್ಲ. ಒಡೆದೇ ಹೋಯಿತು ಎಂದು ಅಮ್ಮ ಹಣೆ ಚಚ್ಚಿಕೊಂಡಳು. ಕೆಟ್ಟ ಹಾಲು ಪೂರ್ತಿ ಬತ್ತಿ, ಮಂತ್ರದ ದಾರ ಕಟ್ಟಿಸಿದ ಮೇಲೆ ಹೊಸ ಹಾಲು ಬರುತ್ತದೆ, ಅಲ್ಲಿಯವರೆಗೆ ನೀರು ಬೆರೆಸಿದ ದನದ ಮೇಲುಹಾಲು ಎಂದಳು. ದೇವರಿಗೆ ಎಂದು ಸುಳ್ಳು ಹೇಳಿ ಬೇಲಿಯ ಮೇಲಿಂದಲೇ ಹೂವು ಕೊಂಡು ತಂದಳು. ಅಮ್ಮ ಆ ತಣ್ಣನೆಯ ದಂಡೆಗಳನ್ನು ನನ್ನೆದೆಗೆ ಸುತ್ತಿ ಬಿಗಿದಳು. ಸ್ವಲ್ಪ ಹೊತ್ತಿಗೆ ನನ್ನ ಮೈಯ ಕಾವಿಗೆ ಅವು ಬಿಸಿಯಾದವು, ಆ ವಾಸನೆ ನನ್ನಿಂದಲೇ ಬರತೊಡಗಿತು. ಕಿಟಕಿಯಲ್ಲಿ ಕಂಡದ್ದು ನನ್ನೊಳಗೇ ಬಂದು ಕೂತಿದೆ ಎನ್ನಿಸಿ ನಾನು ಕಣ್ಣು ಮುಚ್ಚಲೂ ಹೆದರಿದೆ.

ಕೂಸಿಗೆ ಬಟ್ಟೆಯ ಬತ್ತಿ ಅದ್ದಿ ಅದ್ದಿ ನೀರುಹಾಲು. ಒಂದಿಷ್ಟು ಕಕ್ಕಿತು, ಮಿಕ್ಕಿದ್ದು ಹೊಟ್ಟೆ ಕಟ್ಟಿ ಹೋಯಿತು. ಮೊದಮೊದಲು ಮನೆ ಹಾರಿಹೋಗುವ ಹಾಗೆ ಅತ್ತಿತು. ಆಮೇಲೆ ಬೆಕ್ಕಿನ ಮರಿಯ ಹಾಗೆ. ಮಾರನೆಯ ಬೆಳಿಗ್ಗೆ ಸುಮ್ಮನಾಯಿತು. ಸಮಾಧಾನವಾಯಿತು, ಮಲಗಿದೆ ಎಂದು ಅಮ್ಮ ಹೇಳಿದಳು, ಆದರೆ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ನನ್ನ ಎದೆ ಕಲ್ಲಾಗಿ ಸಿಡಿಯುತ್ತಿತ್ತು. ಕೂಸಿನ ನೆತ್ತಿ ಒಳಗೆ ಇಳಿದಿತ್ತು.

ಆಗ ಆಚೆಮನೆ ಅಕ್ಕ ಬಂದಳು. ಅಷ್ಟು ವರ್ಷದಲ್ಲಿ ಒಮ್ಮೆಯೂ ನಮ್ಮ ಮುಂಬಾಗಿಲಿಗೆ ಬಂದವಳಲ್ಲ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಬೆಳಗಿಂದ ನನ್ನ ಸೀರೆ ಒಣಗೇ ಇತ್ತು," ಎಂದಳು ಅವಳು. "ಕೂಸು ಅಳೂದು ನಿಲ್ಲಿಸಿದ್ದು ಯಾವಾಗ?"

ಅಮ್ಮನ ಕೈ ಬಾಗಿಲಿನಿಂದ ತಾನಾಗಿ ಇಳಿಯಿತು. ಅವಳು ಒಳಗೆ ಬಂದು ನನ್ನ ಹಾಸಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದಳು. ನಾನು ಗೋಡೆಗೆ ಸರಿದೆ.

"ನೀ ಹೆದರಿದ್ದು ನನ್ನ ಕಂಡೇ ಅಲ್ದಾ? ಮುಟ್ಟಿ ನೋಡು. ಆಚೆಮನೆ ಅಕ್ಕನೇ. ಮತ್ತೆಂತದೂ ಅಲ್ಲ."

ಮುಟ್ಟಿದೆ. ಒದ್ದೆ ಹೂವು ಕಟ್ಟಿ ಕಟ್ಟಿ ತಣ್ಣಗಾದ ಕೈ, ಬಾಳೆನಾರು ಕೊಯ್ದ ಗೆರೆಗಳು. ಮನುಷ್ಯರ ಕೈಯೇ. ನನಗೆ ಒಮ್ಮೆಲೇ ದುಃಖ ಒತ್ತರಿಸಿ ಬಂತು, ಹೋ ಎಂದು ಅತ್ತೆ. ಅವಳು ಬಟ್ಟೆಯ ಗಂಟು ಬಿಚ್ಚಲು ಹೋಗಿ, ಬಿಚ್ಚಲಾಗದೆ, ಹಲ್ಲಿನಿಂದ ಹರಿದಳು. ಕಂದಿದ ಹೂವು ಚಾಪೆಯ ಮೇಲೆ ಸುರಿಯಿತು. ಕೂಸು ಬಾಯಿ ತೆರೆಯಲಿಲ್ಲ. ತುಟಿಗೆ ಹಿಂಡು ಎಂದಳು. ಹಿಂಡಿದೆ. ತುಟಿಯಿಂದ ಗಲ್ಲಕ್ಕೆ ಹರಿದು ಹೋಯಿತು. ಮತ್ತೆ ಹಿಂಡಿದೆ, ಮತ್ತೆ ಹರಿಯಿತು. ಅವಳು ಗೋಡೆಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಅವಳಿಗೆ ಯಾವ ಕೂಸಿನ ಮುಖವನ್ನೂ ನೋಡಿ ಅಭ್ಯಾಸವಿರಲಿಲ್ಲ, ನೋಡಲು ಬಿಟ್ಟವರಿರಲಿಲ್ಲ. ಎಷ್ಟು ಹೊತ್ತು ಹಾಗೆ ಕಳೆಯಿತೋ… ಕೊನೆಗೆ ಗಂಟಲಲ್ಲಿ ಗುಟುಕ್ ಎಂದಿತು. ಇನ್ನೊಂದು. ಆಮೇಲೆ ಸಿಟ್ಟು ಬಂದ ಹಾಗೆ ಅತ್ತಿತು. ಆ ಅಳುವಿಗೆ ಅವಳ ಸೀರೆಯ ಮೇಲೆ ಅದೇ ಎರಡು ಒದ್ದೆ ಮೂಡಿತು. ಅವಳು ತನ್ನ ಎದೆಯನ್ನು ಬಗ್ಗಿ ನೋಡಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನನ್ನಲ್ಲಿ ಹಾಲಿನ್ನೂ ಸರಿಯಾಗಿ ಇಳಿಯುತ್ತಿರಲಿಲ್ಲ, ಕೂಸು ಎಳೆದೆಳೆದು ರೇಗುತ್ತಿತ್ತು. ನಾನು ಹಿಂದುಮುಂದು ನೋಡದೆ ಕೂಸನ್ನು ಅವಳತ್ತ ಚಾಚಿದೆ, ನೀವೇ ಸ್ವಲ್ಪ ಕುಡಿಸಿ ಅಕ್ಕ ಎಂದೆ. ಅವಳು ಬೆಂಕಿ ತಾಗಿದವಳಂತೆ ಹಿಂದಕ್ಕೆ ಜಿಗಿದು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡಳು. "ನಂದು ಬೇಡ," ಎಂದಳು. ಬಂದ ಹಾಗೇ ಹೊರಟು ಹೋದಳು. ದಿನವೂ ಹಚ್ಚಿ ಹಚ್ಚಿ ನನ್ನ ಹಾಲು ಮೆಲ್ಲಗೆ ಮರಳಿತು. ಅಮ್ಮ ಮಂತ್ರದ ದಾರದ ಸುದ್ದಿ ಎತ್ತಲಿಲ್ಲ.

ಮುಂದೆ ಚುಚ್ಚುಮದ್ದು ಹಾಕಲು ಬಂದ ನರ್ಸು ಹಿತ್ತಿಲ ಜಗಲಿಯಲ್ಲಿ ಕೂತು, ನಡೆದದ್ದನ್ನು ಕೇಳಿ ಅಮ್ಮನಿಗೆ ಚೆನ್ನಾಗಿ ಉಗಿದಳು. ಹೆದರಿದರೆ ಹಾಲು ಇಳಿಯುವುದು ಸ್ವಲ್ಪ ತಡವಾದೀತು, ಅಷ್ಟೇ. ಹಾಲು ಕೆಡುವುದಿಲ್ಲ, ವಿಷವಾಗುವುದಿಲ್ಲ, ಹೆಣ ಕಂಡರೂ ಇಲ್ಲ, ದೆವ್ವ ಕಂಡರೂ ಇಲ್ಲ, ಕೂಸುಗಳು ಸಾಯುವುದು ನಿಮ್ಮ ಈ ನೀರುಹಾಲಿನಿಂದ ಎಂದಳು. ಅವಳದು ದೊಡ್ಡ ಗಂಟಲು. ಬೇಲಿಯ ಆಚೆ ಹೂವು ಕಟ್ಟುತ್ತಿದ್ದ ಕೈ ನಿಂತದ್ದನ್ನು ನಾನು ನೋಡಿದೆ.

ನರ್ಸು ಹೋದ ಮೇಲೆ ಆಚೆಮನೆ ಅಕ್ಕ ಬೇಲಿಗೆ ಬಂದಳು. ನಾನೂ ಕೂಸನ್ನೆತ್ತಿಕೊಂಡು ಹೋದೆ.

"ಅವಳು ಹೇಳಿದ್ದು ನಿನ್ನ ಹಾಲಿನ ಮಾತು," ಎಂದಳು. "ನನ್ನದ್ರಲ್ಲಿ ವಿಷ ಇದ್ದೇ ಇತ್ತು. ಇಲ್ದೇ ಇದ್ರೆ ನನ್ನ ಕೂಸು ಎಂತಕ್ಕೆ ಹೋದದ್ದು, ಹೇಳು? ಹಸಿದು ಹೋದದ್ದಾ? ನಾನೇ ಹೂವು ಕಟ್ಟಿದ್ದೆ ಮಾರಾಯ್ತಿ."

ನಾನು ಯಾರಿಗೂ ಉತ್ತರ ಬಾಕಿ ಇಡುವವಳಲ್ಲ. ಆ ದಿನ ಕೂಸಿನ ಟೊಪ್ಪಿಗೆ ಸರಿಮಾಡುತ್ತ ನಿಂತೆ. ಅವಳು ಕಣ್ಣು ಕೀಳದೆ ನನ್ನ ಬಾಯಿಯನ್ನೇ ನೋಡುತ್ತ ಕಾಯುತ್ತಿದ್ದಳು.

"ಇತ್ತು ಅಕ್ಕ, ವಿಷ ಇತ್ತು," ಎಂದೆ.

"ಆತು," ಎಂದಳು. ಹೋಗಿ, ಅರ್ಧ ಕಟ್ಟಿದ ದಂಡೆ ಕೈಗೆತ್ತಿಕೊಂಡಳು.

ಆಮೇಲೆ ನಾನು ಕುಮಟೆಗೆ, ಗಂಡನ ಮನೆಗೆ ಬಂದೆ. ತವರಿಗೆ ಹೋದಾಗೆಲ್ಲ ಬೇಲಿಯಿಂದಲೇ ಮಾತಾಡುತ್ತಿದ್ದೆವು, ಮಗಳ ಎತ್ತರ, ಮಗಳ ಶಾಲೆ. ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಈ ಮಳೆಗಾಲದಲ್ಲಿ ಅವಳು ಹೋದಳು. ನಮ್ಮ ಅಮ್ಮನೇ ಮುಂದೆ ನಿಂತು ಮೈ ತೊಳೆಸಿದಳಂತೆ. ರವಿಕೆಯೊಳಗೆ ಮಡಿಸಿಟ್ಟ ಬಟ್ಟೆಯಿತ್ತು, ಒದ್ದೆಯಿತ್ತು, ಬೆವರಿರಬೇಕು ಎಂದು ಯಾರೋ ಅಂದರು ಎಂದು ಫೋನಿನಲ್ಲಿ ಹೇಳಿದಳು. ಬೆವರಲ್ಲ ಎಂದು ತಾನೇ ಸೇರಿಸಿದಳು. ಮೈ ತೊಳೆಸುವ ಹೊತ್ತಿಗೆ ಪಕ್ಕದ ಮನೆಯಲ್ಲಿ ಯಾವುದೋ ಕೂಸು ಅಳುತ್ತಿತ್ತಂತೆ…

ಹೋದ ವಾರ ಕುಮಟೆಯಲ್ಲಿ ಆ ಬಸ್ಸಿನಿಂದಿಳಿದು ಮನೆಯ ದಾರಿ ಹಿಡಿದೆ. ಇನ್ನು ಆಚೆಮನೆ ಅಕ್ಕನ ಕಿವಿಗೆ ಬೀಳುವ ಭಯವಿಲ್ಲ, ಬಾಯಿಬಿಟ್ಟು ಹೇಳಬಹುದು ಎಂದುಕೊಂಡೆ. ರಸ್ತೆಯಲ್ಲಿ ಯಾರೂ ಇರಲಿಲ್ಲ.

ಇರಲಿಲ್ಲ ಅಕ್ಕ. ನಿಮ್ಮ ಹಾಲಿನಲ್ಲಿ ಎಂತ ವಿಷವೂ ಇರಲಿಲ್ಲ.